ಆಟದ ಬಯಲಿನಲ್ಲಿ ಸ್ತ್ರೀಗುರು

ಹೆಣ್ಣುಮಕ್ಕಳು ಬಯಲಿಗಿಳಿದು ಆಡಬಹುದೇ ಎಂಬ ಪ್ರಶ್ನೆ ನಮ್ಮ ಹಿರಿಯರ ಕಾಲದಲ್ಲಿ ದೊಡ್ಡದಾಗಿತ್ತು. ಇಂದು ಅದನ್ನು ಬಾಯಿಬಿಟ್ಟು ಕೇಳುವವರು ವಿರಳ. ಜತ್ತ ತಾಲೂಕಿನ ನಮ್ಮ ಕರಜಗಿಯಂಥ ಗಡಿಯೂರುಗಳಲ್ಲಿ ಕೂಡ ಪಂದ್ಯಗಳ ದಿನ ಸಮೀಪಿಸಿತೆಂದರೆ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆಗಳು ಬೀಳುತ್ತವೆ. ಹುಡುಗರ ತಂಡದೊಡನೆ ಹುಡುಗಿಯರ ತಂಡವೂ ಖೋ-ಖೋ ಕಂಬಗಳ ನಡುವೆ ಓಡುತ್ತದೆ. ನೋಡಿದವರಾರೂ ಅದನ್ನು ವಿಪರೀತವೆಂದು ಭಾವಿಸುವುದಿಲ್ಲ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಈ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆಯುಂಟು. ಅದನ್ನು ನಾವು ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ. ಆಡುವವಳು ಹೆಣ್ಣಾದಳು, ಒಳ್ಳೆಯದು, ಆಡಿಸುವವರು ಯಾರು? ಗೆರೆಯ ಹೊರಗೆ ನಿಂತು, ಸೀಟಿ ಊದಿ, ತಪ್ಪನ್ನು ತೋರಿಸಿ, ನಾಳೆ ಯಾರು ಆಡಬೇಕು ಯಾರು ಕುಳಿತಿರಬೇಕು ಎಂದು ನಿರ್ಣಯಿಸುವ ಅಧಿಕಾರ ಯಾರದು? ಆಡುವ ಹಕ್ಕು ದೊರೆತ ಮೇಲೆ ಆಟ ಕಲಿಸುವ ಹಕ್ಕು ತಾನೇ ತಾನಾಗಿ ದೊರೆಯುತ್ತದೆಂದು ನಾವು ಎಣಿಸಿಕೊಂಡಿದ್ದೇವೆ. ಚರಿತ್ರೆಯು ಹಾಗೆ ಹೇಳುವುದಿಲ್ಲ. ಆ ಚರಿತ್ರೆಯನ್ನು ನಮ್ಮ ಶಿಕ್ಷಕ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಅದಕ್ಕೆ ಒಂದು ನಗೆಯ ಚಲಚ್ಚಿತ್ರವನ್ನು ನಿಮಿತ್ತವಾಗಿ ಇಟ್ಟುಕೊಂಡಿದ್ದೇವೆ.

ಆ ಚಿತ್ರದ ಹೆಸರು ‘ವೈಲ್ಡ್‌ಕ್ಯಾಟ್ಸ್’, ಎಂದರೆ ಕಾಡುಬೆಕ್ಕುಗಳು. ಅಮೆರಿಕದಲ್ಲಿ 1986ರ ಫೆಬ್ರುವರಿಯಲ್ಲಿ ಅದು ತೆರೆಗೆ ಬಂದಿತು. ನಿರ್ದೇಶಕರು ಮೈಕೇಲ್ ರಿಚಿ. ಮುಖ್ಯ ಪಾತ್ರವನ್ನು ವಹಿಸಿದವರು ಗೋಲ್ಡೀ ಹಾನ್ ಎಂಬ ಪ್ರಸಿದ್ಧ ನಟಿ. ಹೈಸ್ಕೂಲೊಂದರ ಹುಡುಗರ ಫುಟ್‌ಬಾಲ್ ತಂಡಕ್ಕೆ ಒಬ್ಬ ಹೆಂಗಸು ಗುರುವಾಗುವುದೇ ಅದರ ಕಥಾವಸ್ತು.

ಇಲ್ಲಿ ವಾಚಕರಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ತಿಳಿದಿರುವ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಗುಂಡಾಗಿರದೆ ಎರಡು ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಒದೆಯುವುದಕ್ಕಿಂತ ಹೆಚ್ಚಾಗಿ ಎದೆಗವಚಿಕೊಂಡು ಓಡುತ್ತಾರೆ, ಇಲ್ಲವೇ ಕೈಯಿಂದ ಎಸೆಯುತ್ತಾರೆ. ಒಂದೊಂದು ಪಕ್ಷಕ್ಕೆ ಹನ್ನೊಂದು ಜನ. ಚೆಂಡು ಪಡೆದ ಪಕ್ಷವು ನಾಲ್ಕು ಸರದಿಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಆದುದರಿಂದ ತಲೆಗೆ ಟೊಪ್ಪಿಗೆ, ಹೆಗಲಿಗೆ ದಪ್ಪ ಕವಚ ತೊಡಬೇಕಾಗುತ್ತದೆ. ಒಂದು ಬಗೆಯಲ್ಲಿ ನೋಡಿದರೆ ಇದು ನಮ್ಮ ಹುತುತು ಆಟಕ್ಕೆ ಹತ್ತಿರ. ಅಲ್ಲಿಯೂ ಎದುರಾಳಿಯ ನೆಲವನ್ನು ಹೊಕ್ಕು ಬರುವ ಧೈರ್ಯ ಬೇಕು. ಹಿಡಿದು ಕೆಡವುವ ಬಲ ಬೇಕು. ಬಲದ ಆಟವಾದುದರಿಂದಲೇ ಅದು ಗಂಡಸರ ಆಟವೆಂದು ಆ ದೇಶದಲ್ಲಿ ರೂಢಿಯಾಯಿತು.

ಇನ್ನು ಕಥೆ. ಮಾಲಿ ಮೆಕ್‌ಗ್ರಾತ್ ಎಂಬವಳು ಷಿಕಾಗೋ ನಗರದ ಒಂದು ಅನುಕೂಲಸ್ಥರ ಶಾಲೆಯಲ್ಲಿ ಹುಡುಗಿಯರಿಗೆ ಓಟ ಕಲಿಸುವ ಶಿಕ್ಷಕಿ. ಅವಳ ತಂದೆ ಫುಟ್‌ಬಾಲ್ ಗುರುವಾಗಿದ್ದವರು. ಮನೆಯಲ್ಲಿ ಬಾಲ್ಯದಿಂದಲೂ ಕೇಳಿದ ಮಾತು ಆ ಆಟದ್ದೇ. ಹೀಗಾಗಿ ಅದರ ತಂತ್ರವೆಲ್ಲ ಅವಳಿಗೆ ಕರತಲಾಮಲಕ. ತನ್ನ ಶಾಲೆಯಲ್ಲಿ ಕಿರಿಯರ ತಂಡಕ್ಕೆ ಗುರು ಬೇಕಾದಾಗ ಅವಳು ಆ ಸ್ಥಾನವನ್ನು ಕೇಳುತ್ತಾಳೆ. ಅದನ್ನು ಅವಳಿಗೆ ಕೊಡದೆ ಗೃಹವಿಜ್ಞಾನ ಕಲಿಸುವ ಒಬ್ಬ ಪುರುಷ ಶಿಕ್ಷಕನಿಗೆ ಕೊಡುತ್ತಾರೆ. ಈ ಪ್ರಸಂಗವನ್ನು ನೋಡಿ ಪ್ರೇಕ್ಷಕರು ನಗುತ್ತಾರೆ. ಆದರೆ ಕ್ಷಣಕಾಲ ನಿಂತು ಯೋಚಿಸಿದರೆ ನಗು ಗಂಟಲಲ್ಲೇ ನಿಲ್ಲುತ್ತದೆ. ಅಡುಗೆ ಕಲಿಸುವವನು ಗಂಡಸಾದರೆ ಆಟವನ್ನೂ ಕಲಿಸಬಲ್ಲನು. ಆಟವನ್ನೇ ಬಲ್ಲವಳು ಹೆಂಗಸಾದರೆ ಕಲಿಸಲಾರಳು ಎಂದಂತಾಯಿತು.

ಮುಂದೆ ಅವಳಿಗೆ ಒಂದು ತಂಡ ದೊರೆಯುತ್ತದೆ. ಆದರೆ ಸವಾಲಾಗಿ, ಬಹುಶಃ ಸೋತು ಹಿಂತಿರುಗಲಿ ಎಂಬ ಭಾವನೆಯಿಂದ. ನಗರದ ನಡುವಿನ ಬಡ ಕೇರಿಯ ಸೆಂಟ್ರಲ್ ಹೈಸ್ಕೂಲು ಅದು. ಗೋಡೆಗಳ ಬಣ್ಣ ಹೋಗಿದೆ, ಹುಡುಗರು ಒರಟರು, ಗೆಲುವನ್ನು ಕಂಡು ಬಹು ಕಾಲವಾಗಿದೆ. ಹೊಸ ಗುರುವನ್ನು ಅವರು ಬಗೆಬಗೆಯಾಗಿ ಕಾಡುತ್ತಾರೆ, ಹಾಸ್ಯ ಮಾಡುತ್ತಾರೆ. ಅವಳು ಬೈಯುವುದಿಲ್ಲ, ಅಳುವುದೂ ಇಲ್ಲ. ತನ್ನ ಜೊತೆ ಓಡಿರಿ, ನನಗಿಂತ ಹೆಚ್ಚು ಹೊತ್ತು ಓಡಿದರೆ ನಾನು ಹೊರಟು ಹೋಗುತ್ತೇನೆ ಎಂಬ ಭಾವದಿಂದ ಪಂಥ ಕಟ್ಟುತ್ತಾಳೆ. ಬಯಲನ್ನು ಸುತ್ತಿ ಸುತ್ತಿ ಹುಡುಗರು ಒಬ್ಬೊಬ್ಬರಾಗಿ ಬೀಳುತ್ತಾರೆ. ಅವಳು ಓಡುತ್ತಲೇ ಇರುತ್ತಾಳೆ. ಅಂದಿನಿಂದ ಅವರು ಅವಳ ಮಾತನ್ನು ಕೇಳಲು ತೊಡಗುತ್ತಾರೆ. ಇತ್ತ ಮನೆಯಲ್ಲಿ ಅವಳ ವಿಚ್ಛೇದಿತ ಪತಿ, ಇಂಥ ಕೆಲಸಕ್ಕೆ ಹೋದ ತಾಯಿ ಮಕ್ಕಳನ್ನು ಸಾಕಲು ಯೋಗ್ಯಳಲ್ಲವೆಂದು ಹೇಳಿ ಇಬ್ಬರು ಹೆಣ್ಣುಮಕ್ಕಳನ್ನು ತನ್ನ ವಶಕ್ಕೆ ಕೊಡಬೇಕೆಂದು ನ್ಯಾಯಾಲಯಕ್ಕೆ ಹೋಗುತ್ತಾನೆ. ಕಡೆಗೆ ನಗರದ ಅಂತಿಮ ಪಂದ್ಯದಲ್ಲಿ ಅವಳ ತಂಡವು ಅವಳ ಹಳೆಯ ಶಾಲೆಯ ತಂಡವನ್ನೇ ಎದುರಿಸಿ ಗೆಲ್ಲುತ್ತದೆ.

ಇದು ಮಹಾಕೃತಿಯಲ್ಲ. ಒರಟು ಮಾತುಗಳೂ ಅಗ್ಗದ ವಿನೋದಗಳೂ ಅದರಲ್ಲಿ ಬೇಕಾದಷ್ಟಿವೆ. ಎಳೆಯರಿಗೆ ತೋರಿಸತಕ್ಕ ಚಿತ್ರವೆಂದು ನಾವು ಹೇಳಲಾರೆವು. ಆದರೂ ನಗೆಗೆ ಒಂದು ಗುಣವುಂಟು: ಗಂಭೀರವಾಗಿ ಹೇಳಿದರೆ ಕದ ಹಾಕಿಕೊಳ್ಳುವ ಮನಸ್ಸು ನಗುವಾಗ ತುಸು ತೆರೆದಿರುತ್ತದೆ. ಗಡಿನಾಡಿನವರಾದ ನಮಗೆ ಇದರ ಅನುಭವ ಹತ್ತಿರದ್ದೇ ಇದೆ. 2018ರಲ್ಲಿ ಬಂದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಎಂಬ ಕನ್ನಡ ಚಿತ್ರವು ಕಾಸರಗೋಡಿನ ಕನ್ನಡ ಶಾಲೆಯ ಸಂಕಟವನ್ನು ನಗಿಸುತ್ತಲೇ ಹೇಳಿತು. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು. ಎಷ್ಟೋ ಮನವಿಪತ್ರಗಳು ಮುಟ್ಟದ ಕಡೆಗೆ ಆ ನಗೆ ಮುಟ್ಟಿತು. ನಗೆಯ ಇನ್ನೊಂದು ಮುಖವೂ ಇದೆ. ‘ಹೆಂಗಸು ಫುಟ್‌ಬಾಲ್ ಕಲಿಸುತ್ತಾಳಂತೆ’ ಎಂಬ ಮಾತೇ ಹಾಸ್ಯದ ಮೂಲವಾದಾಗ, ಅದು ನಡೆಯಲಾರದ ಸಂಗತಿಯೆಂಬ ನಂಬಿಕೆ ಆ ನಗೆಯ ತಳದಲ್ಲಿ ಇದ್ದೇ ಇರುತ್ತದೆ. ನಡೆಯುವ ಸಂಗತಿಗೆ ಯಾರೂ ನಗುವುದಿಲ್ಲ.

ಹಾಗಾದರೆ ನಿಜ ಜೀವನದಲ್ಲಿ ನಡೆದುದೇನು? ಚಿತ್ರ ಹೊರಬರುವ ಹಿಂದಿನ ವರ್ಷ, ಎಂದರೆ 1985ರಲ್ಲಿ, ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದ ಬಲೂ ಹೈಸ್ಕೂಲಿನಲ್ಲಿ ವಾಂಡಾ ಓಟ್ಸ್ ಎಂಬ ಅನುಭವಿ ಶಿಕ್ಷಕಿಯನ್ನು ಹುಡುಗರ ಫುಟ್‌ಬಾಲ್ ತಂಡಕ್ಕೆ ಗುರುವನ್ನಾಗಿ ನೇಮಿಸಲಾಯಿತು. ವಿರೋಧವುಂಟಾಯಿತು, ನೇಮಕವನ್ನು ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಚಿತ್ರದಲ್ಲಿ ಗೆದ್ದವಳು ಕಲ್ಪಿತಳು. ಬದುಕಿನಲ್ಲಿ ಬಯಲಿಗೆ ಕಾಲಿಡುವ ಮುನ್ನವೇ ಹಿಂತಿರುಗಬೇಕಾದವರು ನಿಜವಾದ ಶಿಕ್ಷಕಿ. ಒಂದಕ್ಕೊಂದು ಕಾರಣವೆಂದು ನಾವು ಹೇಳುತ್ತಿಲ್ಲ. ಎರಡೂ ಒಂದೇ ಕಾಲದ ಮಾತೆಂಬುದನ್ನು ಮಾತ್ರ ಗಮನಿಸಬೇಕು.

ಅದೇ ನಗರದಲ್ಲಿ ಆ ಬಾಗಿಲು ತೆರೆಯಲು ಮತ್ತೆ 25 ವರ್ಷಗಳು ಹಿಡಿದವು. 2010ರಲ್ಲಿ ಕೂಲಿಜ್ ಹೈಸ್ಕೂಲಿನ ಫುಟ್‌ಬಾಲ್ ತಂಡಕ್ಕೆ ನಟಾಲೀ ರ‍್ಯಾಂಡಾಲ್ಫ್ ಮುಖ್ಯ ಗುರುವಾದರು. ಅವರು ಅದೇ ಶಾಲೆಯ ವಿಜ್ಞಾನ ಶಿಕ್ಷಕಿ. ವಿಶ್ವವಿದ್ಯಾಲಯದಲ್ಲಿ ಓಟಗಾರ್ತಿಯಾಗಿದ್ದವರು, ಸ್ತ್ರೀಯರ ಫುಟ್‌ಬಾಲ್ ತಂಡವೊಂದರಲ್ಲಿ ಹಲವು ವರ್ಷ ಆಡಿದವರು, ಇನ್ನೊಂದು ಶಾಲೆಯಲ್ಲಿ ಸಹಾಯಕ ಗುರುವಾಗಿ ದುಡಿದವರು. ನೇಮಕದ ದಿನ ಪತ್ರಿಕೆಯವರು ಮುತ್ತಿಕೊಂಡರು. ರ‍್ಯಾಂಡಾಲ್ಫರು ಮಾಡಿದ್ದು ಮಾತ್ರ ಶಿಕ್ಷಕರೆಲ್ಲರಿಗೂ ಪರಿಚಿತವಾದ ಕೆಲಸ. ಆಟಗಾರರು ಅಭ್ಯಾಸಕ್ಕೆ ಬರುವುದರ ಜೊತೆಗೆ ನಿಗದಿಯಾದ ಹೊತ್ತು ಕುಳಿತು ಪಾಠ ಓದಲೇಬೇಕೆಂದು ಕಟ್ಟಳೆ ಮಾಡಿದರು. ಮೊದಲ ಪಂದ್ಯದಲ್ಲಿ ತಂಡ ಸೋತಿತು. ಚಲಚ್ಚಿತ್ರದಲ್ಲಾದರೆ ಗೆಲ್ಲುತ್ತಿತ್ತು, ಶಾಲೆಯಲ್ಲಿ ಸೋಲೂ ಪಾಠದ ಒಂದು ಭಾಗ. ಅವರು ಆ ಸ್ಥಾನದಲ್ಲಿದ್ದು 2013ರಲ್ಲಿ ತಾವಾಗಿಯೇ ಬಿಟ್ಟುಕೊಟ್ಟರು. ಕಾಡುಬೆಕ್ಕುಗಳ ಕಥೆಗೆ ನಿಜ ಜೀವನದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ತಿಳಿದಿಲ್ಲ. ಅಲ್ಲಿ ನಗೆಯಿಲ್ಲ, ದಿನವೂ ಹೊತ್ತಿಗೆ ಸರಿಯಾಗಿ ಬಯಲಿಗೆ ಬರುವ ಒಬ್ಬ ಶಿಕ್ಷಕಿ ಇದ್ದಾರೆ, ಅಷ್ಟೆ.

ಹೆಂಗಸಿನ ಕೈಯಿಂದ ಆಟವನ್ನು ಕಿತ್ತುಕೊಂಡ ಕಥೆ ಇದಕ್ಕಿಂತ ಹಳೆಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಂಡಸರು ರಣರಂಗಕ್ಕೆ ಹೋದಾಗ ಹೆಂಗಸರು ಕಾರಖಾನೆಗಳಿಗೆ ಬಂದರು. ಬಿಡುವಿನ ಹೊತ್ತಿನಲ್ಲಿ ಕಾರಖಾನೆಯ ಅಂಗಳದಲ್ಲಿ ಕಾಲ್ಚೆಂಡಾಟ ಆಡತೊಡಗಿದರು. ಪ್ರೆಸ್ಟನ್ ಊರಿನ ಡಿಕ್ ಕರ್ ಕಾರಖಾನೆಯ ಹೆಣ್ಣುಮಕ್ಕಳ ತಂಡವು ಬಹು ಪ್ರಸಿದ್ಧವಾಯಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಅವರ ಆಟವನ್ನು ನೋಡಲು ಸುಮಾರು 53,000 ಜನ ನೆರೆದಿದ್ದರು. ಒಂದು ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಸದಸ್ಯ ತಂಡಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ನಿಷೇಧ ಸುಮಾರು 50 ವರ್ಷ ಉಳಿಯಿತು. ಇಲ್ಲಿ ವಿಚಾರಿಸಬೇಕಾದುದು ಇಷ್ಟು: ಐವತ್ತು ವರ್ಷ ಆಡದಿದ್ದರೆ ಆಡುವವರು ಮಾತ್ರ ಇಲ್ಲವಾಗುವುದಿಲ್ಲ, ಕಲಿಸುವವರೂ ಇಲ್ಲವಾಗುತ್ತಾರೆ. ಆಟದ ವಿದ್ಯೆ ಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮೈಯಲ್ಲಿ ಇರುತ್ತದೆ. ಒಂದು ತಲೆಮಾರು ಇನ್ನೊಂದಕ್ಕೆ ಕೈಗೊಡದಿದ್ದರೆ ಅದು ತುಂಡಾಗುತ್ತದೆ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯನ್ನು ಅಮೆರಿಕದ ಚರಿತ್ರೆಯೇ ತೋರಿಸುತ್ತದೆ. 1972ರಲ್ಲಿ ಆ ದೇಶದವರು ಶಿಕ್ಷಣದಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದೆಂದು ಒಂದು ಕಾಯಿದೆ ಮಾಡಿದರು. ಅದು ‘ಟೈಟಲ್ ನೈನ್’ ಎಂದು ಹೆಸರಾಗಿದೆ. ಸರಕಾರದ ಹಣ ಪಡೆಯುವ ಶಾಲೆಗಳು ಹುಡುಗಿಯರಿಗೂ ಆಟದಲ್ಲಿ ಸಮಾನ ಅವಕಾಶ ಕೊಡಬೇಕಾಯಿತು. ಫಲವು ಬೆರಗುಗೊಳಿಸುವಂಥದು. ಕಾಯಿದೆಯ ಮೊದಲು ಹೈಸ್ಕೂಲುಗಳಲ್ಲಿ ಪಂದ್ಯಗಳಲ್ಲಿ ಆಡುತ್ತಿದ್ದ ಹುಡುಗಿಯರು 3 ಲಕ್ಷಕ್ಕಿಂತ ಕಡಿಮೆ. ನಾಲ್ಕು ದಶಕಗಳಲ್ಲಿ ಆ ಸಂಖ್ಯೆ 30 ಲಕ್ಷವನ್ನು ಮೀರಿತು. ಆದರೆ ಕಲಿಸುವವರ ಗತಿ ಏನಾಯಿತು? 1972ಕ್ಕಿಂತ ಮುಂಚೆ ಕಾಲೇಜು ಹುಡುಗಿಯರ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಂಡಗಳಿಗೆ ಹೆಂಗಸರೇ ಗುರುಗಳಾಗಿದ್ದರು. ಮುಂದೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ನಮ್ಮ ಬಿನ್ನಹ. ಆಡುವ ಹುಡುಗಿಯರು ಹತ್ತು ಪಟ್ಟು ಹೆಚ್ಚಾದರು. ಕಲಿಸುವ ಹೆಂಗಸರ ಪಾಲು ಅರ್ಧಕ್ಕೆ ಇಳಿಯಿತು. ಕಾರಣ ಗೂಢವಾದುದಲ್ಲ. ಹುಡುಗಿಯರ ಆಟಕ್ಕೆ ಹಣವಿಲ್ಲದಿದ್ದಾಗ, ಹೆಸರಿಲ್ಲದಿದ್ದಾಗ, ಸಂಜೆಯ ಹೊತ್ತು ಉಚಿತವಾಗಿ ನಿಂತು ಕಲಿಸಿದವರು ಶಿಕ್ಷಕಿಯರು. ಆ ಸ್ಥಾನಕ್ಕೆ ಸಂಬಳ ಬಂದಾಗ, ಮರ್ಯಾದೆ ಬಂದಾಗ, ಹುಡುಗರ ವಿಭಾಗವೂ ಹುಡುಗಿಯರ ವಿಭಾಗವೂ ಒಂದಾಗಿ ಆಯ್ಕೆಯ ಅಧಿಕಾರ ಗಂಡಸರ ಕೈಸೇರಿದಾಗ, ಗಂಡಸರೂ ಮುಂದೆ ಬಂದರು, ಅವರನ್ನೇ ಆರಿಸಿಕೊಂಡರು. ಬಡತನದಲ್ಲಿ ತಾಯಿ ಸಾಕಿದ ಹಸು ಹಾಲು ಕೊಡತೊಡಗಿದ ದಿನ ಯಜಮಾನ ಬೇರೆಯಾದಂತೆ ಆಯಿತು. ಆದುದರಿಂದಲೇ ಆಡುವ ಹಕ್ಕು ಬೇರೆ, ಕಲಿಸುವ ಹಕ್ಕು ಬೇರೆ ಎಂದು ನಾವು ಮೊದಲಲ್ಲೇ ಹೇಳಿದೆವು.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಹೆಣ್ಣು ಗುರುವಾದಾಗ ನಗುವುದು, ನಕ್ಕು ಸಾಲದಿದ್ದರೆ ಕಾಡುವುದು ನಮ್ಮಲ್ಲಿಯೂ ಉಂಟು. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟಾಗ ದಾರಿಯಲ್ಲಿ ಜನ ಕೆಸರು ಸಗಣಿ ಎರಚಿದರೆಂಬುದೂ, ಅವರು ಬದಲಿಗೆ ಇನ್ನೊಂದು ಸೀರೆಯನ್ನು ಚೀಲದಲ್ಲಿ ಒಯ್ಯುತ್ತಿದ್ದರೆಂಬುದೂ ನಮ್ಮ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಇಂದು ತರಗತಿಯಲ್ಲಿ ಹೆಂಗಸು ಕಲಿಸುವುದಕ್ಕೆ ನಗುವವನು ತಾನೇ ನಗೆಗೀಡಾದಾನು. ನಮ್ಮ ಕಡೆ ಮಕ್ಕಳು ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಮರಾಠಿ ಶಾಲೆಯ ಮಕ್ಕಳು ‘ಬಾಯಿ’ ಎನ್ನುತ್ತಾರೆ. ಮನೆಯ ಅಕ್ಕನಿಗೆ ಗೌರವದ ಪ್ರತ್ಯಯ ಹಚ್ಚಿ ನಮ್ಮ ನುಡಿಯು ಅವಳನ್ನು ಗುರುಪೀಠದಲ್ಲಿ ಕೂಡಿಸಿತು. ಆ ಪೀಠ ಶಾಲೆಯ ಕೋಣೆಯಿಂದ ಬಯಲಿಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು.

ಹುತುತು ಅಥವಾ ಕಬಡ್ಡಿ ಗಡಿಯ ಎರಡೂ ಮಗ್ಗುಲಿನ ಆಟ. ಕರ್ನಾಟಕದವರೂ ಮಹಾರಾಷ್ಟ್ರದವರೂ ಅದನ್ನು ತಮ್ಮದೆನ್ನುತ್ತಾರೆ. ಇಬ್ಬರ ಮಾತೂ ನಿಜ. ಏಷ್ಯನ್ ಕ್ರೀಡಾಕೂಟದಲ್ಲಿ ಗಂಡಸರ ಕಬಡ್ಡಿಗೆ 1990ರಲ್ಲಿ ಪ್ರವೇಶ ದೊರೆಯಿತು. ಹೆಂಗಸರ ಕಬಡ್ಡಿಗೆ ದೊರೆತುದು 2010ರಲ್ಲಿ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ನಡೆದ ಆ ಮೊದಲ ಕೂಟದಲ್ಲಿ ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಸೋಲಿಸಿ ಚಿನ್ನ ಗೆದ್ದರು. ಆ ತಂಡದಲ್ಲಿ ಇಬ್ಬರು ಕನ್ನಡತಿಯರಿದ್ದರು. ಒಬ್ಬರು ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ; ಇನ್ನೊಬ್ಬರು ಬೆಂಗಳೂರಿನ ತೇಜಸ್ವಿನಿ ಬಾಯಿ. ತೇಜಸ್ವಿನಿಯವರಿಗೆ 2011ರಲ್ಲಿಯೂ ಮಮತಾ ಅವರಿಗೆ 2014ರಲ್ಲಿಯೂ ಅರ್ಜುನ ಪ್ರಶಸ್ತಿ ಬಂದಿತು. 2012ರಲ್ಲಿ ಪಟ್ನಾದಲ್ಲಿ ನಡೆದ ಸ್ತ್ರೀಯರ ಮೊದಲ ವಿಶ್ವಕಪ್ಪಿನಲ್ಲಿ ಮಮತಾ ಅವರೇ ನಾಯಕಿ. ಅಂತಿಮ ಪಂದ್ಯದಲ್ಲಿ ಇರಾನಿನ ಮೇಲೆ ಭಾರತ ಗೆದ್ದಿತು.

ಆಡಿದವರ ಹೆಸರುಗಳನ್ನು ನಾವು ಬಲ್ಲೆವು. ಆಡಿಸಿದವರ ಹೆಸರನ್ನು ಎಷ್ಟು ಜನ ಬಲ್ಲರು? ಆ ಗೆಲುವುಗಳ ಹಿಂದೆ ನಿಂತ ಗುರು ಹರಿಯಾಣದ ಸುನೀಲ್ ಡಬಾಸ್. ಹೆಸರನ್ನು ಕೇಳಿ ಗಂಡಸೆಂದು ತಿಳಿಯಬಾರದು. ಅವರು ಗುಡಗಾಂವದ ಸರಕಾರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣವನ್ನು ಬೋಧಿಸಿದ ಅಧ್ಯಾಪಕಿ. ಅವರಿಗೆ 2012ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ, 2014ರಲ್ಲಿ ಪದ್ಮಶ್ರೀ ದೊರೆತವು. ಕ್ರೀಡಾಗುರುಗಳಿಗಾಗಿ ಭಾರತ ಸರಕಾರವು ದ್ರೋಣಾಚಾರ್ಯ ಪ್ರಶಸ್ತಿಯನ್ನು ಏರ್ಪಡಿಸಿದ್ದು 1985ರಲ್ಲಿ. ವಾಷಿಂಗ್ಟನ್ನಿನ ಶಿಕ್ಷಕಿಯ ನೇಮಕ ರದ್ದಾದ ವರ್ಷವೂ ಅದೇ. ಅಂದಿನಿಂದ ಆ ಪ್ರಶಸ್ತಿಯ ಪಟ್ಟಿಯಲ್ಲಿ ಹೆಂಗಸರ ಹೆಸರುಗಳು ಅಲ್ಲೊಂದು ಇಲ್ಲೊಂದು ಮಾತ್ರ. ಡಬಾಸರ ಮರುವರ್ಷ, 2013ರಲ್ಲಿ, ಬಿಲ್ಲುವಿದ್ಯೆಯ ಗುರು ಜಮ್‌ಶೇಡಪುರದ ಪೂರ್ಣಿಮಾ ಮಹತೋ ಅವರಿಗೆ ಅದು ದೊರೆಯಿತು. ಬಿಲ್ಲುವಿದ್ಯೆಯ ಆಚಾರ್ಯನ ಹೆಸರಿನ ಪ್ರಶಸ್ತಿಯನ್ನು ಬಿಲ್ಲುವಿದ್ಯೆ ಕಲಿಸಿದ ಹೆಂಗಸೊಬ್ಬರು ಪಡೆದದ್ದು ಎಷ್ಟು ಒಪ್ಪುವ ಮಾತು!

ಇನ್ನು ಮಹಾರಾಷ್ಟ್ರದವರೇ ಆದ ಶೈಲಜಾ ಜೈನ್ ಅವರ ವೃತ್ತಾಂತ. ಅದು ಯಾವ ಚಲಚ್ಚಿತ್ರಕ್ಕೂ ಕಡಿಮೆಯದಲ್ಲ. ನಾಸಿಕದಲ್ಲಿ ಬಹು ವರ್ಷ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸಿದ ಅವರು ಇರಾನ್ ದೇಶದ ಸ್ತ್ರೀಯರ ತಂಡಕ್ಕೆ ಗುರುವಾಗಿ ಹೋದರು. ಭಾಷೆ ಬೇರೆ, ಊಟ ಬೇರೆ, ಉಡುಗೆಯ ಕಟ್ಟಳೆ ಬೇರೆ. ಶೈಲಜಾ ಅವರು ಸಸ್ಯಾಹಾರಿ. ಮಾತು ತಿಳಿಯದೆ ಕಲಿಸುವುದೆಂತು ಎಂದು ಪಾರಸಿ ಭಾಷೆಯನ್ನು ಬೇಕಾದಷ್ಟು ಕಲಿತುಕೊಂಡರು. ಹುಡುಗಿಯರಿಗೆ ಯೋಗ ಪ್ರಾಣಾಯಾಮಗಳನ್ನು ಅಭ್ಯಾಸ ಮಾಡಿಸಿದರು. ಉಸಿರನ್ನು ಹಿಡಿಯುವುದೇ ಈ ಆಟದ ಜೀವವಲ್ಲವೇ? 2010ರಲ್ಲಿ ಮತ್ತು 2014ರಲ್ಲಿ ಏಷ್ಯನ್ ಕೂಟದ ಚಿನ್ನ ಭಾರತದ ಹೆಣ್ಣುಮಕ್ಕಳದಾಗಿತ್ತು. 2018ರ ಆಗಸ್ಟ್ 24ರಂದು ಜಕಾರ್ತಾ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇರಾನ್ 27, ಭಾರತ 24. ಚಿನ್ನ ಮೊದಲ ಬಾರಿಗೆ ಕೈತಪ್ಪಿತು. ಕೈತಪ್ಪಿಸಿದ ವಿದ್ಯೆ ಮಾತ್ರ ನಮ್ಮದೇ ನೆಲದ್ದಾಗಿತ್ತು.

ಅಂದು ನಾವು ದುಃಖಿಸಬೇಕೋ ಹೆಮ್ಮೆಪಡಬೇಕೋ? ಎರಡೂ ಸಹಜ. ಆದರೆ ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದುದು ಬೇರೆಯೇ ಇದೆ. ಆಡುವವರು ಎಷ್ಟು ಚೆನ್ನಾಗಿ ಆಡಿದರೂ ಕಲಿಸುವವರ ವಿದ್ಯೆಗೆ ಬೆಲೆಯಿದೆ; ಆ ಬೆಲೆಯನ್ನು ತಿಳಿದವರು ಸಮುದ್ರದಾಚೆಯಿಂದಲೂ ಬಂದು ಕರೆದುಕೊಂಡು ಹೋಗುತ್ತಾರೆ. ಶೈಲಜಾ ಅವರ ಗೆಲುವಿನ ಮುಂದೆ, ಹೆಂಗಸು ಕಲಿಸಬಲ್ಲಳೇ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಹೀಗಿದ್ದರೂ ಸೀಟಿಯು ಬಹುಮಟ್ಟಿಗೆ ಗಂಡಸರ ಕೈಯಲ್ಲೇ ಉಳಿದಿದೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋ-ಖೋ ಆಟದ ಮೊದಲ ವಿಶ್ವಕಪ್ ನಡೆಯಿತು. ಭಾರತದ ಸ್ತ್ರೀಯರು ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿದರು. ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಗುರು ಪುರುಷರು. ಅದೇ ವರ್ಷದ ನವೆಂಬರ್ 2ರಂದು ಭಾರತದ ಸ್ತ್ರೀಯರು ಕ್ರಿಕೆಟ್ ವಿಶ್ವಕಪ್ಪನ್ನು ಮೊದಲ ಬಾರಿಗೆ ಗೆದ್ದಾಗ, ನಮ್ಮ ಸಾಂಗ್ಲಿ ಜಿಲ್ಲೆಯ ಮಾಧವನಗರದಲ್ಲಿ ಬೆಳೆದ ಸ್ಮೃತಿ ಮಂಧಾನಾ ತಂಡದ ಉಪನಾಯಕಿಯಾಗಿದ್ದರು. ಅಲ್ಲಿಯೂ ಗುರು ಪುರುಷರೇ. ಅವರು ಸಮರ್ಥರು, ಮನಸ್ಸಿಟ್ಟು ದುಡಿದವರು. ಅವರ ಬಗ್ಗೆ ನಮ್ಮದು ಗೌರವವಲ್ಲದೆ ಬೇರೆ ಮಾತಿಲ್ಲ. ಗಂಡಸು ಹುಡುಗಿಯರಿಗೆ ಕಲಿಸಬಾರದೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಗಂಡಸು ಹೆಣ್ಣುಮಕ್ಕಳ ತಂಡಕ್ಕೆ ಗುರುವಾಗುವ ಕಥೆಯನ್ನು ‘ಚಕ್ ದೇ ಇಂಡಿಯಾ’ ಎಂಬ 2007ರ ಹಿಂದೀ ಚಿತ್ರದಲ್ಲಿ ನಾವೆಲ್ಲ ಕಣ್ಣೀರು ತಂದುಕೊಂಡು ನೋಡಿದೆವು, ಯಾರೂ ನಗಲಿಲ್ಲ. ಅದೇ ಕಥೆಯನ್ನು ತಿರುವಿ ಹಾಕಿ, ಹೆಂಗಸು ಹುಡುಗರ ತಂಡಕ್ಕೆ ಗುರುವಾದಳೆಂದರೆ ಅದು ಹಾಸ್ಯಚಿತ್ರವಾಗುತ್ತದೆ. ಈ ವ್ಯತ್ಯಾಸ ಒಂದೇ ನಮ್ಮ ಮನಸ್ಸನ್ನು ನಮಗೆ ತೋರಿಸುವ ಕನ್ನಡಿ.

ತಿರುವಿ ಹಾಕಿದ ಕಥೆಯೂ ಈಗ ಅಲ್ಲಲ್ಲಿ ನಿಜವಾಗುತ್ತಿದೆ. 2016ರಲ್ಲಿ ಹಾಂಗ್‌ಕಾಂಗಿನಲ್ಲಿ ಚಾನ್ ಯುಯೆನ್-ಟಿಂಗ್ ಎಂಬ 27 ವರ್ಷದ ತರುಣಿ ‘ಈಸ್ಟರ್ನ್’ ಎಂಬ ಗಂಡಸರ ಕಾಲ್ಚೆಂಡಾಟದ ತಂಡಕ್ಕೆ ಗುರುವಾಗಿದ್ದು, ಅಲ್ಲಿಯ ಅತ್ಯುನ್ನತ ಲೀಗಿನಲ್ಲಿ ಅದನ್ನು ಗೆಲ್ಲಿಸಿದಳು. ಒಂದು ದೇಶದ ಅಥವಾ ಪ್ರಾಂತದ ಅತ್ಯುನ್ನತ ಲೀಗನ್ನು ಗಂಡಸರ ತಂಡದಿಂದ ಗೆಲ್ಲಿಸಿದ ಮೊದಲ ಹೆಂಗಸು ಅವಳೆಂದು ಪ್ರಸಿದ್ಧಿ. 2017ರಲ್ಲಿ ಮೇಮೋಲ್ ರಾಕಿ ಭಾರತದ ಸ್ತ್ರೀಯರ ಕಾಲ್ಚೆಂಡಾಟದ ತಂಡಕ್ಕೆ ಮುಖ್ಯ ಗುರುವಾದ ಮೊದಲ ಮಹಿಳೆಯಾದರು.

ದೂರದ ಮಾತು ಸಾಕು. ಹತ್ತಿರದಲ್ಲಿ ನೋಡಿದರೆ ಈ ಕೆಲಸ ನಮ್ಮ ಶಾಲೆಗಳಲ್ಲಿ ಸದ್ದಿಲ್ಲದೆ ನಡೆದಿರುವುದನ್ನು ಕಾಣುತ್ತೇವೆ. ಜಿಲ್ಲಾ ಪರಿಷತ್ತಿನ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಆಟಕ್ಕೆಂದೇ ಬೇರೆ ಶಿಕ್ಷಕರಿರುವುದು ಅಪರೂಪ. ಗಣಿತ ಕಲಿಸಿದ ಅಕ್ಕೋರೇ ಸಂಜೆ ಸೆರಗು ಬಿಗಿದು ಸೀಟಿ ಹಿಡಿಯುತ್ತಾರೆ. ಅವರ ಮುಂದೆ ಹುಡುಗರೂ ಇರುತ್ತಾರೆ, ಹುಡುಗಿಯರೂ ಇರುತ್ತಾರೆ. ‘ಏ, ಗೆರಿ ದಾಟಬ್ಯಾಡ!’ ಎಂದು ಅವರು ಕೂಗಿದರೆ ಹುಡುಗರು ನಿಲ್ಲುತ್ತಾರೆ, ನಗುವುದಿಲ್ಲ. ಚಲಚ್ಚಿತ್ರದ ಮಾಲಿ ಪಂಥ ಕಟ್ಟಿ ಓಡಿ ಗಳಿಸಿದ ಅಧಿಕಾರ ನಮ್ಮ ಅಕ್ಕೋರಿಗೆ ಕೇಳದೆ ಬಂದಿದೆ. ಇದನ್ನು ನಾವು ಸಣ್ಣ ಮಾತೆಂದು ತಿಳಿಯಬಾರದು. ಆದರೆ ಅದೇ ತಂಡ ತಾಲೂಕಿಗೆ, ಜಿಲ್ಲೆಗೆ ಹೋಗುವಷ್ಟು ಬಲಿತಾಗ ಆ ಅಕ್ಕೋರ ಕೈಯಲ್ಲೇ ಸೀಟಿ ಉಳಿಯುತ್ತದೆಯೇ? ಟೈಟಲ್ ನೈನ್ ಕಾಯಿದೆಯ ಕಥೆ ಇಲ್ಲಿ ನೆನಪಿಗೆ ಬರಬೇಕು.

ಇದಕ್ಕೆ ಉಪಾಯವೇನು? ಈ ಲೇಖನದಲ್ಲಿ ಬಂದ ಗುರುಗಳನ್ನೆಲ್ಲ ಒಮ್ಮೆ ನೆನೆಯಿರಿ. ಮಾಲಿಗೆ ವಿದ್ಯೆ ತಂದೆಯಿಂದ ಬಂದಿತು. ರ‍್ಯಾಂಡಾಲ್ಫರಿಗೆ ತಾವೇ ಆಡಿದುದರಿಂದ ಬಂದಿತು. ಡಬಾಸರು ಅದನ್ನು ಶಾಸ್ತ್ರವಾಗಿ ಅಭ್ಯಸಿಸಿ ಬೋಧಿಸಿದರು. ಶೈಲಜಾ ಅವರು ಬಹು ವರ್ಷ ಕಲಿಸಿ ಕಲಿಸಿ ಅದನ್ನು ಹರಿತ ಮಾಡಿಕೊಂಡರು. ಯಾರಿಗೂ ಅಧಿಕಾರ ದಾನವಾಗಿ ಬರಲಿಲ್ಲ. ತಿಳಿವಳಿಕೆಯ ಹಿಂದೆ ಬಂದಿತು. ಆ ತಿಳಿವಳಿಕೆಗೆ ದಾರಿಗಳಿವೆ. ದೈಹಿಕ ಶಿಕ್ಷಣದ ಪದವಿಯುಂಟು. ಪಟಿಯಾಲಾದಲ್ಲಿ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾಸಂಸ್ಥೆಯಲ್ಲಿ ಕ್ರೀಡಾಗುರುಗಳಿಗೆ ಶಿಕ್ಷಣ ಕೊಡುತ್ತಾರೆ. ಗ್ವಾಲಿಯರದಲ್ಲಿ 1957ರಲ್ಲಿ ಪ್ರಾರಂಭವಾದ ದೈಹಿಕ ಶಿಕ್ಷಣದ ವಿದ್ಯಾಲಯಕ್ಕೆ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯ ಹೆಸರನ್ನೇ ಇಟ್ಟಿದ್ದಾರೆ. ಕುದುರೆಯೇರಿ ಖಡ್ಗ ಹಿಡಿದವಳ ಹೆಸರಿನ ವಿದ್ಯಾಲಯದಲ್ಲಿ ಸೀಟಿ ಹಿಡಿಯಲು ನಮ್ಮ ಹುಡುಗಿಯರು ಅಂಜಬೇಕಾದ ಕಾರಣವಿಲ್ಲ.

ಆದರೆ ಆ ದಾರಿಯ ಮೊದಲ ಮೈಲುಗಲ್ಲು ನಮ್ಮ ಊರಿನಲ್ಲೇ ಇದೆ. ಹುಡುಗಿಯರು ಎಡವುವುದೂ ಅಲ್ಲಿಯೇ. ನಮ್ಮದು ಮಳೆ ಕಡಿಮೆಯ ತಾಲೂಕು. ಎಷ್ಟೋ ಮನೆಗಳವರು ಕಬ್ಬು ಕಡಿಯಲು ನದಿಯ ಕಡೆಯ ಊರುಗಳಿಗೆ ಗುಳೆ ಹೋಗುತ್ತಾರೆ. ಏಳನೆಯ ಇಯತ್ತೆಯಲ್ಲಿ ಚೆನ್ನಾಗಿ ಓಡಿದ ಹುಡುಗಿ ಹತ್ತನೆಯದಕ್ಕೆ ಬರುವಷ್ಟರಲ್ಲಿ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿರುತ್ತಾಳೆ, ಇಲ್ಲವೇ ಮದುವೆಯ ಮಾತಿನಲ್ಲಿರುತ್ತಾಳೆ. ಅವಳು ಬಿಟ್ಟುದು ತನ್ನ ಆಟವೊಂದನ್ನೇ ಅಲ್ಲ. ಇಪ್ಪತ್ತು ವರ್ಷಗಳ ಮೇಲೆ ಅವಳಿಂದ ಕಲಿಯಬೇಕಾಗಿದ್ದ ಇನ್ನೂರು ಮಕ್ಕಳ ಆಟವೂ ಅಲ್ಲಿಗೇ ನಿಂತಿತು. ಇಂಗ್ಲೆಂಡಿನವರು ನಿಷೇಧ ಹಾಕಿ ತುಂಡು ಮಾಡಿದ ಎಳೆಯನ್ನು ನಾವು ನಿಷೇಧವಿಲ್ಲದೆಯೇ ತುಂಡು ಮಾಡುತ್ತಿದ್ದೇವೆ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮದು ಒಂದೇ ಅರಿಕೆ. ಮುಂದಿನ ಪಂದ್ಯಗಳ ಕಾಲದಲ್ಲಿ ಹಿರಿಯ ತರಗತಿಯ ಒಬ್ಬ ಹುಡುಗಿಯನ್ನು ಕರೆದು, ಕಿರಿಯರ ತಂಡವನ್ನು, ಹುಡುಗರನ್ನೂ ಕೂಡಿಸಿ, ಅವಳ ವಶಕ್ಕೆ ಒಪ್ಪಿಸಿ ನೋಡಿರಿ. ಆಡಲು ಮಾತ್ರವಲ್ಲ, ಆಡಿಸಲು ಕಲಿಸಿರಿ. ನಿಯಮಗಳ ಪುಸ್ತಕವನ್ನು ಅವಳ ಕೈಗೆ ಕೊಡಿರಿ. ಅಂಕ ಬರೆಯಲು ಕೂಡಿಸಿರಿ. ತಪ್ಪು ನಿರ್ಣಯ ಕೊಟ್ಟರೆ ನಗಬೇಡಿರಿ, ತಿದ್ದಿರಿ. ಶಾಲೆಯಲ್ಲಿ ಸೀಟಿ ಒಂದೇ ಇದ್ದರೂ ಚಿಂತೆಯಿಲ್ಲ. ಅದು ಒಂದು ದಿನ ಅವಳ ಕೊರಳಲ್ಲಿ ಇರಲಿ. ವಿದ್ಯಾರ್ಥಿನಿಯರೇ, ಅದನ್ನು ಕೊಟ್ಟಾಗ ನಾಚಿ ಹಿಂದೆ ಸರಿಯಬೇಡಿರಿ. ವಿದ್ಯಾರ್ಥಿಗಳೇ, ನಿಮ್ಮ ಅಕ್ಕ ಸೀಟಿ ಊದಿದಾಗ ಗೆರೆಯ ಮೇಲೆ ಬಂದು ನಿಲ್ಲಿರಿ.